ಊರೊಳಗಿನ ಲೈಸೆನ್ಸ್ ಬಂದೂಕು ವರ್ಷವಿಡೀ ಠಾಣೆಯಲ್ಲಿ ಇರಬೇಕೇ?

ಪರ: ಠಾಣೆಯಲ್ಲೇ ಇರಲಿ

ಬೇಸಿಗೆಯಲ್ಲಿ ಕಲಬುರಗಿಯ ಮನೆಯೊಳಗೆ ಮಲಗೋಕೆ ಆಗಲ್ಲ. ಚಾಪೆ, ಕೌದಿ ಎತ್ತಿಕೊಂಡು ಮಾಳಿಗೆ ಹತ್ತುತ್ತೇವೆ. ಅದೇ ದಿನಗಳಲ್ಲಿ ಮದುವೆಗಳೂ ಜಾಸ್ತಿ. ಮೆರವಣಿಗೆಯ ಹುರುಪಿನಲ್ಲಿ ಯಾರೋ ಮೇಲಕ್ಕೆ ಗುಂಡು ಹಾರಿಸಿದರು ಅಂದುಕೊಳ್ಳಿ. ಅದು ಎಲ್ಲಾದರೂ ಬೀಳಲೇಬೇಕಲ್ವಾ? ಓರೆಯಾಗಿ ಹಾರಿದ ಪಿಸ್ತೂಲಿನ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಅಲ್ಲಿ ಮಾಳಿಗೆ ಮೇಲೆ ಮಲಗಿದ ಮಗುವಿಗೆ ಮದುವೆ ಯಾರದು ಅಂತಲೂ ಗೊತ್ತಿರಲ್ಲ.

2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು ಇದನ್ನೇ ಒಂದು ಅಪರಾಧ ಮಾಡಿದ್ದಾರೆ. ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳ್ಳೆಯದೇ. ಆದರೆ ಕೇಸು ಬೀಳುವ ಹೊತ್ತಿಗೆ ಗುಂಡು ಹಾರಿಯೇ ಹೋಗಿರುತ್ತದೆ.

ಚುನಾವಣೆ ಬಂದರೆ ಲೈಸೆನ್ಸ್ ಇದ್ದವರಲ್ಲಿ ಬಹಳ ಜನ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರುತ್ತಾರೆ. ಅಷ್ಟೂ ದಿನ ಅದಿಲ್ಲದೆ ಬದುಕು ನಡೆಯುತ್ತದೆ. ಮತಗಟ್ಟೆಗೆ ತೋರಿಸುವ ಕಾಳಜಿಯನ್ನು ನಮ್ಮ ಮಾಳಿಗೆಗೂ ತೋರಿಸಿ. ಹೊಲದಲ್ಲಿ ಹಂದಿ ಕಾಟ ಇರುವ ರೈತರ ಮಾತು ಬೇರೆ. ನಾನು ಹೇಳುತ್ತಿರುವುದು ಊರೊಳಗಿನವರಿಗೆ ಮಾತ್ರ.

ವಿರೋಧ: ಹುಡುಕಬೇಕಾದ ಬಂದೂಕು ಬೇರೆ

ಮಾಳಿಗೆ ಮೇಲಿನ ಮಗುವಿನ ಭಯ ನನಗೂ ಇದೆ. ಆದರೆ 2025ರ ಜನವರಿ 16 ನೆನಪಿಗೆ ಬರುತ್ತದೆ. ಹಾಡುಹಗಲೇ ಬೀದರಿನಲ್ಲಿ ಎಟಿಎಂ ಹಣ ಸಾಗಿಸುವವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರು ಸತ್ತರು. ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಟ್ರಾವೆಲ್ಸ್ ಕಚೇರಿಯ ನೌಕರರೊಬ್ಬರಿಗೂ ಅದೇ ಇಬ್ಬರ ಗುಂಡು ತಗುಲಿತು. ಬೀದರಿನ ದುಡ್ಡಿಗೂ ಆ ನೌಕರರಿಗೂ ಏನೇನೂ ಸಂಬಂಧ ಇರಲಿಲ್ಲ.

ದರೋಡೆಗೆ ಬರುವವರು ಲೈಸೆನ್ಸ್ ಮಾಡಿಸಿಕೊಂಡು ಬರಲ್ಲ. ನಂಬರ್ ಬರೆಸಿ, ಐದು ವರ್ಷಕ್ಕೊಮ್ಮೆ ನವೀಕರಿಸುವ ಬಂದೂಕನ್ನು ಠಾಣೆಯ ಕಪಾಟಿನಲ್ಲಿ ಇಟ್ಟರೆ ಕಂಟ್ರಿ ಪಿಸ್ತೂಲು ಕಡಿಮೆ ಆಗುತ್ತಾ? ಪೊಲೀಸರನ್ನು ಕಪಾಟು ಕಾಯಲು ಕೂರಿಸಬೇಡಿ. ಆ ಪಿಸ್ತೂಲು ಮಾರುವವರ ಬೆನ್ನು ಹತ್ತಲಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಸುಮ್ನೆ ದಾರಿಯಲ್ಲಿ ಹೋಗುತ್ತಾ ಗುಂಡು ತಿಂದವರು, ಹಾರಿಸಿದವನು ಸಿಗದಿದ್ದರೂ, ಪರಿಹಾರ ಕೇಳಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಲ್ಲಿಗೆ ಸಾಲ ಹುಡುಕುವ ಮನೆಯವರಿಗೆ ಇದನ್ನು ಯಾರು ಹೇಳುತ್ತಾರೆ? ಹೇಳಿಕೆ ಪಡೆಯಲು ಬರುವ ಪೊಲೀಸರೇ ಆ ಅರ್ಜಿಯನ್ನೂ ಬರೆಸಿಕೊಂಡು ಹೋಗಲಿ.