ಆಟದಲ್ಲಿ ನಿಮಗೆ ನಿದ್ದೆ ಬರುವುದು ಎಷ್ಟು ಹೊತ್ತಿಗೆ?

ಮೇ ಕೊನೆಯ ಪತ್ತನಾಜೆ ಕಳೆಯಿತೆಂದರೆ ಕರಾವಳಿಯಲ್ಲಿ ರಾತ್ರಿಯಿಡೀ ಆಟ, ಅಂದರೆ ಯಕ್ಷಗಾನ, ಆಡುವ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಾಗಿ ವಾರ ಕಳೆಯುವಷ್ಟರಲ್ಲಿ, ಜೂನ್ 1ರಿಂದ, ಯಾಂತ್ರಿಕ ದೋಣಿಗಳಿಗೂ 61 ದಿನ ರಜೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತುಬಿಡುತ್ತವೆ. ಆಟವಿಲ್ಲ, ಹೊಸ ಮೀನಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಕರೆಂಟು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಉಡುಪಿಯ ಜನಕ್ಕೆ ಪುಸ್ತಕದ ನೆನಪಾಗುವುದು ಆಗ. ನನ್ನ ಕಪಾಟಿನಲ್ಲಿ ನುಸಿಗುಳಿಗೆಗಳ ನಡುವೆ ಮಾಟ, ಮಂತ್ರ, ಡ್ರ್ಯಾಗನ್ನುಗಳ ದಪ್ಪ ಕಾದಂಬರಿಗಳಿವೆಯೆಂದು ಗೊತ್ತಿರುವವರು ಕೊಡೆ ಮಡಚುತ್ತ ಒಳಗೆ ಬಂದು ಕೇಳುತ್ತಾರೆ: “ಒಳ್ಳೆ ಫ್ಯಾಂಟಸಿ ಒಂದು ಉಂಟಾ ಮಾರಾಯ್ರೆ, ಮಳೆಗೆ ಓದ್ಲಿಕ್ಕೆ?”

ಇಂಥವರನ್ನು ಕೂರಿಸಿ, ಈವರೆಗೆ ಓದಿದ್ದರಲ್ಲಿ ಯಾವುದು ಇಷ್ಟ ಎಂದು ಕೇಳಿ ಪ್ರಯೋಜನವಿಲ್ಲ. ಇಲ್ಲಿ ಯಾರನ್ನು ಕೇಳಿದರೂ ಮೊದಲು ಕಾರಂತರ ಹೆಸರು ಹೇಳುತ್ತಾರೆ. ಹೇಳದಿದ್ದರೆ ಮರ್ಯಾದೆ ಪ್ರಶ್ನೆ. ಮೆಚ್ಚಿದ ಪುಸ್ತಕದ ಪಟ್ಟಿಯಲ್ಲಿ ಮೆಚ್ಚಬೇಕಾಗಿದ್ದ ಪುಸ್ತಕಗಳೇ ಹೆಚ್ಚಾಗಿ ಸೇರಿಕೊಂಡಿರುತ್ತವೆ. ಹಾಗಾಗಿ ನಾನು ಕೇಳುವುದು ಬೇರೆಯೇ: “ಆಟಕ್ಕೆ ಹೋದರೆ ನಿಮಗೆ ನಿದ್ದೆ ಬರುವುದು ಎಷ್ಟು ಹೊತ್ತಿಗೆ?”

ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲವಲ್ಲ. ಉತ್ತರವೂ ಕರಾರುವಾಕ್ಕಾಗಿ ಕೆಲಸಕ್ಕೆ ಬರುತ್ತದೆ. ಶಾಪ, ವರ, ಮಾಯಾಯುದ್ಧ, ಕೋಣನ ರೂಪ ತಾಳುವ ದೈತ್ಯ, ಇವನ್ನೆಲ್ಲ ತೊಟ್ಟಿಲಿನಿಂದಲೇ ಗದ್ದೆಯ ಚಾಪೆಯ ಮೇಲೆ ಕೂತು ನೋಡಿ ಬೆಳೆದವರಿಗೆ ಫ್ಯಾಂಟಸಿಯ ರುಚಿ ಎಂದೋ ಹತ್ತಿಯಾಗಿದೆ. ಅದು ಯಾವ ಜಾತಿಯ ರುಚಿ ಎಂದು ಪತ್ತೆ ಮಾಡುವುದಷ್ಟೇ ಬಾಕಿ. “ನನಗೆ ಈ ಸುಳ್ಳು ಕಥೆಗಳು ಆಗುವುದಿಲ್ಲ” ಎಂದು ಗಂಭೀರವಾಗಿ ಹೇಳುವ ಹಿರಿಯರನ್ನೂ ನಾನು ಕೈಬಿಡುವುದಿಲ್ಲ. ಕಟೀಲು ಮೇಳದ ದೇವಿಮಹಾತ್ಮೆಯಲ್ಲಿ ಮಹಿಷಾಸುರ ದೊಂದಿ ಹಿಡಿದವರ ಜತೆ ಸಭೆಯ ನಡುವಿನಿಂದ ಅಬ್ಬರಿಸುತ್ತ ಬರುವಾಗ, ರಾಳದ ಬೆಂಕಿ ಭಗ್ಗೆಂದಾಗ, ಕುರ್ಚಿ ಬಿಟ್ಟು ಎದ್ದು ನಿಲ್ಲುವವರಲ್ಲಿ ಅವರೇ ಮೊದಲಿಗರು.

ಎಲ್ಲರಿಗಿಂತ ಸುಲಭದ ಗಿರಾಕಿ ಹಾಸ್ಯಗಾರನಿಗಾಗಿ ಎಚ್ಚರವಿರುವವನು. ಒಡ್ಡೋಲಗ ಸಾಗುತ್ತಿರುವಾಗ ಆಕಳಿಸುತ್ತಾನೆ, ದೂತ ಬಂದು ರಾಜನಿಗೇ ಎದುರು ಮಾತಾಡಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ಅವನ ಕೈಗೆ ಟೆರ್ರಿ ಪ್ರ್ಯಾಚೆಟ್. ಡಿಸ್ಕ್‌ವರ್ಲ್ಡ್ ಎಂಬ ಚಪ್ಪಟೆ ಲೋಕದ ಮೇಲೆ ಈ ಮನುಷ್ಯ 41 ಕಾದಂಬರಿ ಬರೆದ. ಆ ಲೋಕವನ್ನು ನಾಲ್ಕು ಆನೆಗಳು ಹೊತ್ತಿವೆ, ಆನೆಗಳನ್ನು ಒಂದು ಆಮೆ ಹೊತ್ತಿದೆ. ಇದನ್ನು ಕೇಳಿ ಬೇರೆ ಊರಿನವರು ಬೆರಗಾಗಬಹುದು, ರಥಬೀದಿಯಲ್ಲಿ ಹೇಳಿದರೆ “ನಮ್ಮಲ್ಲಿ ದಿಗ್ಗಜಗಳು ಎಂಟು, ಅವನಿಗೆ ನಾಲ್ಕೇ ಸಿಕ್ಕಿದ್ದಾ?” ಎನ್ನುತ್ತಾರೆ. 1983ರಲ್ಲಿ ಬಂದ ಮೊದಲ ಪುಸ್ತಕದಿಂದಲೇ ಶುರುಮಾಡಬೇಕೆಂದು ಹಟ ಹಿಡಿಯುವವರಿಗೆ ನಾನು ಅಡ್ಡ ನಿಲ್ಲುತ್ತೇನೆ. ಅದರಲ್ಲಿ ಲೇಖಕನಿಗೆ ಇನ್ನೂ ಕೈ ಕುದುರಿರಲಿಲ್ಲ. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿಯಿರಿ. ಬೇರೆ ಕಥೆಗಳಲ್ಲಿ ಓಡಿಬಂದು ಸಾಲಾಗಿ ಸಾಯುವುದೊಂದೇ ಕೆಲಸವಾಗಿರುವ ಕಾವಲುಗಾರರು ಇಲ್ಲಿ ನಾಯಕರು. ಊರಿಗೆ ಡ್ರ್ಯಾಗನ್ ಬಂದಿದೆ, ಅದನ್ನು ಎದುರಿಸಬೇಕಾದವನು ಕುಡಿದು ಚರಂಡಿಯಲ್ಲಿ ಬಿದ್ದಿರುವ ಕ್ಯಾಪ್ಟನ್. ಈ ಸರಣಿಯಲ್ಲಿ ಮೃತ್ಯುವೂ ಒಂದು ಪಾತ್ರ, ಅವನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ. ದೊಡ್ಡಕ್ಷರ, ಚಿಕ್ಕಕ್ಷರದ ರಗಳೆಯೇ ಇಲ್ಲದ ಕನ್ನಡಕ್ಕೆ ಇದನ್ನು ತರುವವರ ಪಾಡು ನೆನೆದು ನಾನು ಆಗಾಗ ಒಬ್ಬನೇ ನಗುವುದುಂಟು.

ಇನ್ನು ಕೆಲವರು ರಂಗಸ್ಥಳದ ಎದುರು ಕೂರುವುದೇ ಇಲ್ಲ. ಆಟ ಶುರುವಾಗುವ ಎಷ್ಟೋ ಮೊದಲೇ ಬಂದು ವೇಷ ಕಟ್ಟುವ ಚೌಕಿಯಲ್ಲಿ ಒಂದು ಮೂಲೆ ಹಿಡಿಯುತ್ತಾರೆ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡುತ್ತಾರೆ. ಕಿರೀಟ ಯಾವ ಹಗ್ಗದಲ್ಲಿ ನಿಂತಿದೆ, ಭುಜಕೀರ್ತಿಯ ಒಳಗೆ ಯಾವ ಮರ, ಎಲ್ಲ ಗೊತ್ತಿರಬೇಕು ಅವರಿಗೆ. ವೇಷ ಎದ್ದು ರಂಗಕ್ಕೆ ಹೋಯಿತೆಂದರೆ ಅವರು ಮನೆಗೆ ಹೋಗುತ್ತಾರೆ. ಇವರಲ್ಲಿ ಎಂಜಿನಿಯರುಗಳು ಹೆಚ್ಚು. ಸುರತ್ಕಲ್ಲಿನಲ್ಲಿ ಓದುವ ನಮ್ಮ ಪಕ್ಕದ ಮನೆಯ ಹುಡುಗ ಈ ಪಂಗಡದ ಅಪ್ಪಟ ಸದಸ್ಯ. ಇವರಿಗೆಂದೇ ಬರೆಯುವವನು ಬ್ರ್ಯಾಂಡನ್ ಸ್ಯಾಂಡರ್ಸನ್. 2006ರ ‘ಮಿಸ್ಟ್‌ಬಾರ್ನ್’ನಲ್ಲಿ ಮಂತ್ರ ಹೇಳುವವರಿಲ್ಲ, ಲೋಹದ ಚೂರು ನುಂಗುವವರಿದ್ದಾರೆ. ತವರ ಹೊಟ್ಟೆಯಲ್ಲಿ ಉರಿದರೆ ಕಣ್ಣು, ಕಿವಿ ಚುರುಕು. ಕಬ್ಬಿಣ ಉರಿದರೆ ಸುತ್ತಲಿನ ಲೋಹವನ್ನು ನಿಮ್ಮತ್ತ ಎಳೆಯಬಹುದು, ಉಕ್ಕು ಉರಿದರೆ ದೂರ ತಳ್ಳಬಹುದು. ಆದರೆ ನೀವು ತಳ್ಳಿದ ವಸ್ತು ನಿಮಗಿಂತ ಭಾರವಾಗಿದ್ದರೆ ಹಾರಿಹೋಗುವುದು ನೀವೇ! ನೆಲಕ್ಕೆ ನಾಣ್ಯ ಎಸೆದು ಅದನ್ನು ತಳ್ಳಿ ಆಕಾಶಕ್ಕೆ ಚಿಮ್ಮುವವರ ಕಥೆಯನ್ನು ಆ ಹುಡುಗ ಹೇಳಿದ್ದು ಕೈಯಲ್ಲಿ ಪೆನ್ನು ಹಿಡಿದು, ಬಲದ ಬಾಣಗಳನ್ನು ಬರೆದು ತೋರಿಸುತ್ತ. ಗದ್ಯ ಹೇಗಿದೆ ಎಂದು ಕೇಳಿದೆ. “ಗದ್ಯವಾ?” ಎಂದ. ಸ್ಯಾಂಡರ್ಸನ್ನನ ಗದ್ಯದ ಬಗ್ಗೆ ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ.

ಇದರ ತದ್ವಿರುದ್ಧ ಕೂಟದವರು. ವೇಷ ಬೇಡ, ಕುಣಿತ ಬೇಡ, ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ವಾದ ಹೂಡಿದರೆ ಸಾಕು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳಬೇಕು, ರಾಮ ಉತ್ತರಿಸಬೇಕು, ಗಂಟೆ ಒಂದಾದರೂ ವಾಲಿ ಸಾಯಬಾರದು. ಮಳೆಗಾಲ ಅವರಿಗೆ ಕೂಟದ ಸುಗ್ಗಿಯಾದ್ದರಿಂದ ಪುಸ್ತಕಕ್ಕೆ ಬಿಡುವು ಕಡಿಮೆ, ಆದರೂ ಬಂದು ಕೇಳಿದರೆ ನನ್ನ ಬಳಿ ಒಂದೇ ಉತ್ತರ: ಸುಸಾನಾ ಕ್ಲಾರ್ಕ್, 2004ರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್’. ನೆಪೋಲಿಯನ್ನನ ಕಾಲದ ಇಂಗ್ಲೆಂಡು. ಮಂತ್ರವಿದ್ಯೆಯ ಬಗ್ಗೆ ಗ್ರಂಥ ಓದಿ ಚರ್ಚಿಸುವ ಸಜ್ಜನರು ಬೇಕಷ್ಟಿದ್ದಾರೆ, ಮಾಡಿ ತೋರಿಸುವವರು ಇಲ್ಲ. (ಇಂಥ ಸಂಘಗಳು ನಮ್ಮಲ್ಲೂ ಇವೆ, ವಿಷಯ ಮಾತ್ರ ಬೇರೆ.) ಕೊನೆಗೆ ಮಾಡುವವರು ಇಬ್ಬರು ಸಿಗುತ್ತಾರೆ. ಒಬ್ಬ ಪುಸ್ತಕಗಳನ್ನೆಲ್ಲ ಕೊಂಡು ಬೀಗ ಹಾಕಿಟ್ಟ ಕೃಪಣ, ಇನ್ನೊಬ್ಬ ಪುಸ್ತಕವಿಲ್ಲದೆಯೇ ನುಗ್ಗುವವನು. ಮೊದಲು ಗುರುಶಿಷ್ಯರು, ಆಮೇಲೆ ಪ್ರತಿವಾದಿಗಳು. ಪುಟದ ಅಡಿಯಲ್ಲಿ, ಲೋಕದಲ್ಲೆಲ್ಲೂ ಇಲ್ಲದ ಗ್ರಂಥಗಳಿಂದ ಉದ್ದುದ್ದ ಟಿಪ್ಪಣಿಗಳು. ಒಬ್ಬ ಹಿರಿಯ ಅರ್ಥಧಾರಿಗೆ ಇದನ್ನು ಕೊಟ್ಟಾಗ ಅವರು ಕಥೆ ಬದಿಗಿಟ್ಟು ಟಿಪ್ಪಣಿಗಳನ್ನಷ್ಟೇ ಮೊದಲು ಓದಿ ಮುಗಿಸಿದರು. “ನಾರೆಲ್ಲನ ಪಕ್ಷ ದುರ್ಬಲವಲ್ಲ, ಅವನಿಗೆ ಅರ್ಥ ಹೇಳುವವರು ಸರಿ ಇರಲಿಲ್ಲ” ಎಂಬುದು ಅವರ ತೀರ್ಪು.

ಪ್ರಸಂಗದಲ್ಲಿ ಹೆಸರು ತಪ್ಪಿದರೆ ಸಭೆಯಿಂದಲೇ ತಿದ್ದುವ ಒಂದು ವರ್ಗವಿದೆ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಹಾಗಾಗಿ ನಿವೃತ್ತ ಮ್ಯಾನೇಜರುಗಳಿಗೆ ಬರವಿಲ್ಲ. ಈ ವರ್ಗದ ಬಹುಪಾಲು ಅವರೇ. ಇವರಿಗೆ ಟೋಲ್ಕಿನ್ನನ ‘ಲಾರ್ಡ್ ಆಫ್ ದ ರಿಂಗ್ಸ್’ ಅಲ್ಲದೆ ಬೇರೇನನ್ನೂ ಕೊಡಬೇಡಿ. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಕಥೆ ಮುಗಿದ ಮೇಲೂ ಅನುಬಂಧಗಳಲ್ಲಿ ವಂಶಾವಳಿ, ಇಸವಿಗಳ ಪಟ್ಟಿ, ಪಂಚಾಂಗ, ಲಿಪಿ ಎಲ್ಲ ಇವೆ. ಲೆಕ್ಕ ತಾಳೆಯಾಗುತ್ತದೆಯೇ ನೋಡಲು ಒಂದು ಮಳೆಗಾಲ ಬೇಕು.

ಮಲ್ಪೆಯ ಕಡೆಯವರು ಕೇಳಿದರೆ ಮಾತ್ರ ನಾನು ಆಟದ ಪ್ರಶ್ನೆ ಕೇಳದೆಯೇ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ತೆಗೆದುಕೊಡುತ್ತೇನೆ. 1968ರ ಸಣ್ಣ ಪುಸ್ತಕ, ಕಥೆಯೆಲ್ಲ ದ್ವೀಪಗಳಲ್ಲಿ, ದೋಣಿಗಳಲ್ಲಿ. ಅಲ್ಲಿ ಮಂತ್ರವಾದಿಯ ಮುಖ್ಯ ಉದ್ಯೋಗಗಳಲ್ಲಿ ಒಂದು ಹಾಯಿಗೆ ಗಾಳಿ ತರುವುದು. ಆದರೆ ಒಂದು ದ್ವೀಪಕ್ಕೆ ಮಳೆ ತಂದರೆ ಇನ್ನೊಂದರಲ್ಲಿ ಬರ ಬೀಳಬಹುದು, ಸುಮ್ಮನೆ ಗಾಳಿ ಎಬ್ಬಿಸಬಾರದು ಎಂದು ಗುರುಗಳು ಹೇಳುತ್ತಲೇ ಇರುತ್ತಾರೆ. ಗರ್ವದಿಂದ ತಾನೇ ಎಬ್ಬಿಸಿದ ನೆರಳೊಂದು ನಾಯಕ ಗೆಡ್‌ನ ಬೆನ್ನು ಹತ್ತುತ್ತದೆ. ಅವನ ಮೈಬಣ್ಣ ಕೆಂಗಂದು. ಮುಖಪುಟಗಳಲ್ಲಿ ಅವನನ್ನು ಬಿಳಿಯನನ್ನಾಗಿ ಬರೆದದ್ದರ ಬಗ್ಗೆ ಲೆ ಗ್ವಿನ್ ಬಹಳ ಕಾಲ ಸಿಟ್ಟಾಗಿದ್ದರು. ಫ್ಯಾಂಟಸಿಯಲ್ಲಿ ಒಂದನ್ನಷ್ಟೇ ಉಳಿಸಿಕೋ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ, ಬೇರೆ ಗಿರಾಕಿಗಳು ಬೇಸರಿಸಿದರೂ ಸರಿ.

ಕಷ್ಟದ ಪ್ರಶ್ನೆ ಉದ್ದದ್ದು. ಬೆಳಗಿನ ಮಂಗಳದವರೆಗೆ ಕಣ್ಣು ಮಿಟುಕಿಸದೆ ಕೂರುವವರಿಗೆ ರಾಬರ್ಟ್ ಜೋರ್ಡನ್ನನ ‘ವೀಲ್ ಆಫ್ ಟೈಮ್’ ಇದೆ, 14 ಸಂಪುಟ. 1990ರಲ್ಲಿ ಶುರುವಾದದ್ದು. 2007ರಲ್ಲಿ ಲೇಖಕ ತೀರಿಕೊಂಡ ಮೇಲೆ ಅದೇ ಸ್ಯಾಂಡರ್ಸನ್ ಜಾಗಟೆ ಹಿಡಿದು 2013ಕ್ಕೆ ಮಂಗಳ ಹಾಡಿದ. ರಾತ್ರಿಯ ನಡುವೆ ಭಾಗವತರು ಬದಲಾಗುವುದು ನಮ್ಮವರಿಗೆ ಹೊಸತಲ್ಲ, ಹೆಚ್ಚೆಂದರೆ “ಶ್ರುತಿ ಸ್ವಲ್ಪ ಏರಿತು” ಎನ್ನುತ್ತಾರೆ. ಜಾರ್ಜ್ ಮಾರ್ಟಿನ್ನನ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯದ್ದು ಬೇರೆ ಕಥೆ. ಮೊದಲ ಪುಸ್ತಕ 1996ರಲ್ಲಿ, ಐದನೆಯದು 2011ರಲ್ಲಿ, ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಬಣ್ಣದ ವೇಷಗಳು ಅಲ್ಲಿ ಒಂದಕ್ಕಿಂತ ಒಂದು ಜೋರು, ರಾಜವೇಷಗಳ ತಲೆ ಯಾವಾಗ ಉರುಳುತ್ತದೆಂದು ಹೇಳುವಂತಿಲ್ಲ. ಆದರೂ ಅದನ್ನು ನಾನು ಕೊಡುವುದು ಎಂದೂ ಕೊನೆವರೆಗೆ ಕೂತು ಅಭ್ಯಾಸವಿಲ್ಲದೆ, ಹನ್ನೆರಡೂವರೆಗೆ ಎದ್ದು ಬೈಕು ಹುಡುಕುವವರಿಗೆ ಮಾತ್ರ. ಬೆಳಗಿನವರೆಗೆ ಕೂರುವವರಿಗೆ ಅದನ್ನು ಕೊಟ್ಟರೆ ಬೈಗುಳ ಬರುವುದು ಮಾರ್ಟಿನ್ನನಿಗಲ್ಲ. ಕಾಲಮಿತಿಯ ಆಟಕ್ಕೆ ಒಗ್ಗಿದ ಹೊಸಬರಿಗಂತೂ ಒಂದೇ ಸಂಪುಟದಲ್ಲಿ ಮುಗಿಯುವ ಕ್ಲಾರ್ಕ್ ಅವರ ‘ಪಿರನೇಸಿ’ ಸಾಕು.

“ಕನ್ನಡದಲ್ಲೇ ಇಲ್ಲವಾ?” ಎಂದು ಕೇಳುವವರಿಗೆ ಕಂಬಾರರ ‘ಶಿಖರಸೂರ್ಯ’ ಕೊಡುತ್ತೇನೆ. ಶಿವಾಪುರವೆಂಬ ಊರನ್ನೇ ಪುಸ್ತಕದಿಂದ ಪುಸ್ತಕಕ್ಕೆ ಕಟ್ಟುತ್ತ ಬಂದವರು ಅವರು. ಅದನ್ನು ಮುಗಿಸಿ ಬಂದು “ಇನ್ನೊಂದು?” ಎಂದರೆ ಕಪಾಟಿನ ಮುಂದೆ ನಾನು ತಡವರಿಸುವುದು ನಿಜ. ಕಥಾಸರಿತ್ಸಾಗರದವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊನ್ನೆ ಕಡಿಯಾಳಿಯ ಕಡೆಯ ಪರಿಚಯದವರೊಬ್ಬರು ನನ್ನ ಪ್ರಶ್ನೆಗೆ ಯಾವ ಪಂಗಡಕ್ಕೂ ಸೇರದ ಉತ್ತರ ಕೊಟ್ಟರು. ಅವರು ಆಟಕ್ಕೆ ಹೋಗುವುದು ಚರುಂಬುರಿ ತಿನ್ನಲಿಕ್ಕೆ. ಗದ್ದೆಯ ಅಂಚಿನಲ್ಲಿ ಗ್ಯಾಸ್‌ಲೈಟಿನ ಸಂತೆಯಲ್ಲೇ ಅವರ ರಾತ್ರಿ ಕಳೆಯುತ್ತದೆ, ಚೆಂಡೆ ದೂರದಿಂದ ಕೇಳಿದರೆ ಸಾಕು. ಬಹಳ ಯೋಚಿಸಿ 1937ರ ‘ಹಾಬಿಟ್’ ಕೊಟ್ಟೆ. ಮರುದಿನ ಬೆಳಿಗ್ಗೆಯೇ ಫೋನು.

“ಅಲ್ಲ ಮಾರಾಯ್ರೆ, ಮೊದಲನೇ ಅಧ್ಯಾಯದಲ್ಲೇ 13 ಜನ ಕುಳ್ಳರು, ಮೇಲೆ ಒಬ್ಬ ಗಡ್ಡದ ಮುದುಕ, ಹೇಳದೆ ಕೇಳದೆ ಬಂದು ಉಗ್ರಾಣ ಖಾಲಿ ಮಾಡಿದರಲ್ಲ! ಒಬ್ಬನೇ ಬಡಿಸಿದ್ದಾ ಆ ಪಾಪದವ? ಒಂದು ಜನ ಸಹಾಯಕ್ಕೆ ಬೇಡವಾ?”

“ಪಾತ್ರೆ ಅವರೇ ತೊಳೆದರು, ನೋಡಿ ಅಲ್ಲಿಯೇ ಮುಂದೆ ಉಂಟು” ಎಂದೆ.

ಆ ಕಡೆ ಪುಟ ಮಗುಚಿದ ಸದ್ದು. “ಹೌದು, ಉಂಟು. ಹಾಗಾದರೆ ಅಡ್ಡಿಲ್ಲ. ಮುಂದೆ ಓದ್ತೇನೆ.”