ಹವಳದ ಮೇಲೆ ನಿಂತು ಹವಳ ಉಳಿಸುವ ವಿಧಾನ

ಹವಳದ ದಿಬ್ಬ ಉಳಿಯಬೇಕೆಂದರೆ ಮೊದಲು ಜನ ಅದರ ಮೇಲೆ ನಿಲ್ಲಬೇಕು ಎಂಬುದು ಈಗಿನ ಪ್ರವಾಸೋದ್ಯಮದ ಒಮ್ಮತದ ನಿಲುವು. ನೋಡದೆ ಪ್ರೀತಿ ಹುಟ್ಟುವುದಿಲ್ಲ, ಪ್ರೀತಿ ಇಲ್ಲದೆ ಕಾಳಜಿ ಬರುವುದಿಲ್ಲ, ಆದ್ದರಿಂದ ನಲವತ್ತು ಜನರನ್ನು ಒಂದೇ ದೋಣಿಗೆ ತುಂಬಿ ಕರೆದೊಯ್ಯಿರಿ. ಈ ತರ್ಕದಲ್ಲಿ ಒಂದು ತೂತೂ ಇಲ್ಲ. ತೂತುಗಳೆಲ್ಲ ಹವಳದಲ್ಲಿವೆ.

ದಿನ ಶುರುವಾಗುವುದು ಆರೋಗ್ಯದ ಫಾರಂನಿಂದ. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಮೂರ್ಛೆ ಬಂದಿತ್ತೇ, ಕಿವಿ ಆಪರೇಷನ್ ಆಗಿದೆಯೇ? ‘ಹೌದು’ ಎಂದರೆ ಡಾಕ್ಟರ ಒಪ್ಪಿಗೆ ಪತ್ರ ಬೇಕು, ದೋಣಿಯೋ ಈಗ ಹೊರಡುತ್ತದೆ. “ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕ್ಬಿಡಿ ಸಾರ್” ಎನ್ನುತ್ತಾನೆ ಕೌಂಟರಿನ ಹುಡುಗ. ನಲವತ್ತು ಜನರ ಕಾಯಿಲೆ ಎರಡೇ ನಿಮಿಷದಲ್ಲಿ ವಾಸಿ. ಆ ಪ್ರಶ್ನೆಗಳನ್ನು ಸುಮ್ಮನೆ ಹಾಕಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟು. ಅಲ್ಲಿ ಎದೆ ತುಂಬ ಗಾಳಿ ಎಳೆದು, ಬಿಡದೆ ಮೇಲೆ ಬಂದರೆ ಆ ಗಾಳಿ ದುಪ್ಪಟ್ಟು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಶ್ವಾಸಕೋಶ ಹರಿಯುತ್ತದೆ. ಆಸ್ತಮಾದವರಿಗೆ ಕಟ್ಟಿಕೊಂಡ ನಾಳದ ಹಿಂದೆ ಗಾಳಿ ತಾನಾಗಿಯೇ ಸಿಕ್ಕಿಬೀಳಬಹುದು. ಹಾಗಾಗಿ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿ ಮುಳುಗುವ ಸ್ಕೂಬಾದ ಮೊದಲ ನಿಯಮ ‘ಉಸಿರು ಹಿಡಿಯಬೇಡಿ’. ನೀರಿಗಿಳಿಯುವ ಫೋಟೊಗ್ರಾಫರ್‌ನ ಮೊದಲ ನಿಯಮ: “ಗುಳ್ಳೆ ಮುಖಕ್ಕೆ ಅಡ್ಡ ಬರುತ್ತೆ, ಸ್ವಲ್ಪ ಉಸಿರು ಹಿಡ್ಕೊಳಿ.”

ಆಮೇಲೆ ಸನ್‌ಸ್ಕ್ರೀನ್ ಅಭಿಷೇಕ. ಹವಳಕ್ಕೆ ಹಾನಿ ಎನ್ನಲಾದ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವ್ ಅದಕ್ಕೂ ಒಂದು ವರ್ಷ ಮೊದಲೇ ಇಂಥ ಕಾನೂನು ಜಾರಿಗೆ ತಂದಿತು. ಕಂಪನಿಗಳು ಎಚ್ಚೆತ್ತು ಬಾಟಲಿಯ ಮೇಲೆ ಆಮೆಯ ಚಿತ್ರ ಹಾಕಿದವು, ಕೆಳಗೆ ‘ಹವಳಸ್ನೇಹಿ’ ಎಂದು ಬರೆದವು. ಹವಳಸ್ನೇಹಿ ಎಂದರೇನು ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಕಾನೂನಿನ ಅಳತೆಗೋಲಿಲ್ಲ. ಆಮೆಯನ್ನಂತೂ ಯಾರೂ ಕೇಳಿಲ್ಲ. ಬೆನ್ನು ಸುಡಬಾರದೆಂದರೆ ತುಂಬು ತೋಳಿನ ಲೈಕ್ರಾ ಅಂಗಿ ಸಾಕು, ಹಚ್ಚುವ ಕ್ರೀಮೂ ಸಾಕಷ್ಟು ಉಳಿಯುತ್ತದೆ. ಆದರೆ ಅಂಗಿ ತೊಟ್ಟರೆ ಸಮುದ್ರಕ್ಕೆ ಬಂದ ಲಕ್ಷಣ ಫೋಟೊದಲ್ಲಿ ಕಾಣುವುದಿಲ್ಲವಲ್ಲ.

ಬೆನ್ನಿಗೇರುವ ಟ್ಯಾಂಕಿಗೆ ಪತ್ರಿಕೆಗಳಿಂದ ಹಿಡಿದು ಜಾಹೀರಾತಿನವರೆಗೆ ಎಲ್ಲರೂ ‘ಆಕ್ಸಿಜನ್ ಸಿಲಿಂಡರ್’ ಎನ್ನುತ್ತಾರೆ. ಅದರಲ್ಲಿರುವುದು ಸೋಸಿ, ಸುಮಾರು 200 ಬಾರ್ (ಸುತ್ತಲಿನ ಗಾಳಿಯ ಸುಮಾರು 200 ಪಟ್ಟು) ಒತ್ತಡಕ್ಕೆ ತುಂಬಿದ ಮಾಮೂಲಿ ಗಾಳಿ: ಶೇ 21 ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ. ನಿಜಕ್ಕೂ ಶುದ್ಧ ಆಮ್ಲಜನಕ ತುಂಬಿ ಕಳುಹಿಸಿದರೆ ಆರು ಮೀಟರ್ ದಾಟುತ್ತಿದ್ದಂತೆ ಫಿಟ್ಸ್ ಬರುವ ಅಪಾಯ. ನಮ್ಮ ಅದೃಷ್ಟಕ್ಕೆ ಗಾಳಿ ತುಂಬುವವರು ಪತ್ರಿಕೆ ಓದಿ ಟ್ಯಾಂಕ್ ತುಂಬುವುದಿಲ್ಲ.

ಇನ್ನು ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ. ಇಡೀ ದಿನದ ವಿಜ್ಞಾನ ಅಡಗಿರುವುದು ಇಲ್ಲೇ, ಯಾರೂ ತಲೆ ಕೆಡಿಸಿಕೊಳ್ಳದಿರುವುದೂ ಇಲ್ಲೇ. ಸರಿಯಾದ ಕ್ರಮ ಹೀಗಿದೆ: ತೇಲಲು ತೊಡುವ, ಗಾಳಿ ತುಂಬುವ ಜಾಕೆಟ್ಟನ್ನು ಪೂರ್ತಿ ಖಾಲಿ ಮಾಡಿ, ಸಾಧಾರಣ ಉಸಿರೆಳೆದು ನೇರ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಅಲ್ಯೂಮಿನಿಯಂ ಟ್ಯಾಂಕ್ ಖಾಲಿಯಾದಂತೆ ಹಗುರಾಗುವುದರಿಂದ ಅದಕ್ಕೆಂದು ಒಂದೆರಡು ಕಿಲೊ ಸೇರಿಸಬೇಕು. ಇದನ್ನು ಪ್ರತಿಯೊಬ್ಬರಿಗೂ ಪರೀಕ್ಷಿಸಲು ಐದು ನಿಮಿಷ ಹಿಡಿಯುತ್ತದೆ, ನಲವತ್ತು ಜನರಿಗೆ ಎಷ್ಟಾಯಿತು ಲೆಕ್ಕ ಹಾಕಿ. ಅದಕ್ಕೇ ಎಲ್ಲರ ಸೊಂಟಕ್ಕೂ ಕಲ್ಲಿನಂತೆ ಮುಳುಗುವಷ್ಟು ಸೀಸ. ಮುಳುಗಿದ ಮೇಲೆ ಏಳುವುದಕ್ಕೆ ಜಾಕೆಟ್ಟಿಗೆ ಗಾಳಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸೊಂಟದ ಸೀಸ ಕೆಳಕ್ಕೆ ಜಗ್ಗುತ್ತದೆ, ಎದೆಯ ಗಾಳಿ ಮೇಲಕ್ಕೆ ಎಳೆಯುತ್ತದೆ. ಮೀನಿನಂತೆ ಅಡ್ಡಲಾಗಿ ತೇಲಬೇಕಾದ ಮನುಷ್ಯ ಬಸ್ಸಿಗೆ ಕಾಯುವವನಂತೆ ನೆಟ್ಟಗೆ ನಿಲ್ಲುತ್ತಾನೆ. ಗಾಬರಿಗೆ ಸೈಕಲ್ ತುಳಿಯುತ್ತಾನೆ. ಕಾಲಿಗೆ ಸಿಕ್ಕಿಸಿದ ಉದ್ದನೆಯ ಈಜುರೆಕ್ಕೆಗಳಾದ ಫಿನ್ಸ್‌ನ ತುದಿ ಎಲ್ಲಿದೆ ಎಂಬ ಅಂದಾಜು ಅವನಿಗಿಲ್ಲ. ಒಂದು ಒದೆತಕ್ಕೆ ಜಿಂಕೆಕೊಂಬಿನಂಥ ಹವಳದ ಟಿಸಿಲು ಪಟಕ್ಕನೆ ಮುರಿಯುತ್ತದೆ, ಇನ್ನೊಂದು ಒದೆತಕ್ಕೆ ಎದ್ದ ಮರಳು ಪಕ್ಕದ ಹವಳದ ಬಾಯಿಗೆ ಬೀಳುತ್ತದೆ. ಕೊಂಬಿನ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಸುಪಾಸು ಬೆಳೆದು ಹೇಗೋ ಸುಧಾರಿಸಿಕೊಳ್ಳಬಹುದು. ಗುಂಡುಬಂಡೆಯಂಥದ್ದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದೇ ಸೆಂಟಿಮೀಟರ್. ಮೊಣಕಾಲೆತ್ತರದ ಅಂಥ ಹವಳಕ್ಕೆ ಅರ್ಧ ಶತಮಾನದ ವಯಸ್ಸು. ಸುಸ್ತಾದ ಅತಿಥಿ ಸಾಮಾನ್ಯವಾಗಿ ನಿಂತುಕೊಳ್ಳಲು ಆರಿಸುವುದು ಅದನ್ನೇ, ಗಟ್ಟಿಯಾಗಿದೆ ಎಂದು.

ಕಿವಿಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನೋವಾದ್ರೆ ಮೂಗು ಹಿಡಿದು ಊದಿ.” ಊದಬೇಕಾದ್ದು ನೋವಾಗುವ ಮೊದಲೇ, ಪ್ರತಿ ಮೀಟರಿಗೆ ಒಮ್ಮೆಯಾದರೂ, ಮೆಲ್ಲಗೆ. ನೋವು ಶುರುವಾದ ಮೇಲೆ ಜೋರಾಗಿ ಊದಿದರೆ ಮುಚ್ಚಿದ ನಾಳ ತೆರೆಯುವುದಿಲ್ಲ, ಕಿವಿಗೇ ಪೆಟ್ಟು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ನೆಗಡಿ ಇದ್ದವರು ದೋಣಿ ಹತ್ತಲೇಬಾರದು. ಆದರೆ ಫಾರಂನಲ್ಲಿ ನೆಗಡಿಯೂ ವಾಸಿಯಾಗಿದೆಯಲ್ಲ.

ನೀರಿನಡಿ ಮಾತಿಲ್ಲ, ಸಂಜ್ಞೆಯೇ ಗತಿ. ಹೆಬ್ಬೆರಳು ಎತ್ತಿ ತೋರಿಸಿದರೆ ‘ನಾನು ಮೇಲೆ ಹೋಗಬೇಕು’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಕ್ಯಾಮೆರಾ ಕಂಡೊಡನೆ ನಲವತ್ತೂ ಜನ ಹೆಬ್ಬೆರಳು ಎತ್ತುತ್ತಾರೆ. ನಿಯಮದ ಪ್ರಕಾರ ಆ ಕ್ಷಣವೇ ಎಲ್ಲರನ್ನೂ ಮೇಲೆ ಕರೆದೊಯ್ಯಬೇಕು. ಇನ್‌ಸ್ಟ್ರಕ್ಟರ್ ಹಾಗೆ ಮಾಡುವುದಿಲ್ಲ, ಇದು ನಗುವಿನ ಹೆಬ್ಬೆರಳು ಎಂದು ಅವನಿಗೆ ಅಭ್ಯಾಸವಾಗಿದೆ. ನಿಜವಾಗಿ ಉಸಿರುಗಟ್ಟಿದವನು ಎತ್ತುವ ಹೆಬ್ಬೆರಳೂ ಅಷ್ಟೇ ಚೆನ್ನಾಗಿ ಫೋಟೊದಲ್ಲಿ ಬರುತ್ತದೆ. ಇದಕ್ಕೆಂದೇ ತೊಟ್ಟು ಬಂದ ಕೆಂಪು ಉಡುಪು ಮಾತ್ರ ಬರುವುದಿಲ್ಲ. ನೀರು ಮೊದಲು ನುಂಗುವ ಬಣ್ಣ ಕೆಂಪು, ಕೆಲವೇ ಮೀಟರ್ ಆಳದಲ್ಲಿ ಅದು ಕಂದು ಗೋಣಿತಟ್ಟು. ಸಂಜೆ ಮೊಬೈಲಿನಲ್ಲಿ ಬಣ್ಣ ಏರಿಸಿಕೊಂಡು ಎಲ್ಲರೂ ‘ಪ್ರಕೃತಿಯ ಸಹಜ ಸೊಬಗು’ ಎಂದು ಹಾಕುತ್ತಾರೆ.

ಬಾಯಿಗೆ ಕೊಳವೆ ಸಿಕ್ಕಿಸಿ ಮೇಲ್ಮೈಯಲ್ಲೇ ತೇಲುವ ಸ್ನಾರ್ಕೆಲಿಂಗ್ ತಂಡದ ಕಥೆ ಇನ್ನೂ ಸರಳ. ಮಾಸ್ಕಿನ ಅಂಚಿಗೆ ಒಂದೆಳೆ ಕೂದಲು ಸಿಕ್ಕಿದರೂ ನೀರು ಜಿನುಗುತ್ತದೆ. ಜಿನುಗಿದರೆ ಬೆಲ್ಟ್ ಇನ್ನಷ್ಟು ಬಿಗಿಯುತ್ತಾರೆ, ಬಿಗಿದಷ್ಟೂ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನಷ್ಟು ಜಿನುಗುತ್ತದೆ. ಗಾಜು ಮಬ್ಬಾಗದಂತೆ ಒಳಗೆ ಉಗುಳಿ ಉಜ್ಜಿ ತೊಳೆಯಬೇಕು. ಅಸಹ್ಯವೆಂದು ಬಿಟ್ಟವರು ಇಡೀ ದಿನ ಮಂಜನ್ನೇ ನೋಡಿ ಬರುತ್ತಾರೆ. ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ಸೊಂಟಮಟ್ಟ ನೀರು, ಮಾಸ್ಕ್ ಸರಿಮಾಡಿಕೊಳ್ಳಲು ಎಲ್ಲರೂ ನಿಲ್ಲುತ್ತಾರೆ. ಬೆನ್ನ ಮೇಲೆ ಅಂಗಾತ ತೇಲುತ್ತಾ ಸರಿಮಾಡಿಕೊಳ್ಳಬಹುದೆಂದು ಹೇಳುವ ಪುಣ್ಯಾತ್ಮ ಆಗ ಬ್ರೆಡ್ ಹಂಚುತ್ತಿರುತ್ತಾನೆ. ಪಾಚಿ ಮೇಯ್ದು ಹವಳಕ್ಕೆ ಜಾಗ ಬಿಡಿಸಿಕೊಡಬೇಕಾದ ಮೀನುಗಳು ಕೆಲಸ ಬಿಟ್ಟು ಬ್ರೆಡ್ಡಿಗೆ ಮುತ್ತುತ್ತವೆ. ಪಾಚಿ ನೆಮ್ಮದಿಯಾಗಿ ಬೆಳೆಯುತ್ತದೆ.

ದೋಣಿ ಕಟ್ಟಲು ಶಾಶ್ವತ ತೇಲುಬುರುಡೆ ಇದ್ದರೂ, ಅದು ನೂರು ಮೀಟರ್ ದೂರವಿದ್ದರೆ ಹವಳದ ಮೇಲೇ ಲಂಗರು ಹಾಕುತ್ತಾರೆ. ಲಂಗರಿಗಿಂತ ಅದರ ಸರಪಳಿಯ ಹಾವಳಿ ಜಾಸ್ತಿ: ಗಾಳಿ ತಿರುಗಿದಂತೆಲ್ಲ ದೋಣಿ ಸುತ್ತುತ್ತದೆ, ಸರಪಳಿ ಅಡಿಯಲ್ಲಿ ಅರ್ಧವೃತ್ತವನ್ನೇ ಗುಡಿಸುತ್ತದೆ. ಆ ಗುಡಿಸಿದ ಜಾಗದಲ್ಲೇ ಮಧ್ಯಾಹ್ನದ ಕಾರ್ಯಕ್ರಮ: ಹವಳ ನೆಡುವಿಕೆ. ಕಬ್ಬಿಣದ ಚೌಕಟ್ಟಿಗೆ ತುಂಡು ಕಟ್ಟಿ, ನಿಮ್ಮ ಹೆಸರಿನ ಪ್ಲಾಸ್ಟಿಕ್ ಚೀಟಿ ತೂಗುಹಾಕಿ, ಸರ್ಟಿಫಿಕೇಟ್ ಕೊಡುತ್ತಾರೆ. ನೆಡುವುದು ಐದು ನಿಮಿಷದ ಕೆಲಸ. ತಿಂಗಳುಗಟ್ಟಲೆ ಹಲ್ಲುಜ್ಜುವ ಬ್ರಷ್ ಹಿಡಿದು ಪಾಚಿ ಕೀಳುವ ಕೆಲಸಕ್ಕೆ ಪ್ಯಾಕೇಜ್ ಇಲ್ಲ. ನೀರು ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ, ಹವಳ ತನ್ನೊಳಗಿನ ಪಾಚಿಕೋಶಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ, ಅನ್ನ ಕೊಡುವವರನ್ನೇ ಕಳೆದುಕೊಂಡು ಹಸಿವಿನಿಂದ ಸಾಯುತ್ತದೆ. ಜಗತ್ತು ನಾಲ್ಕನೇ ಜಾಗತಿಕ ಬಿಳುಚುವಿಕೆಯ ನಡುವೆ ಇದೆ ಎಂದು ವಿಜ್ಞಾನಿಗಳು ಸಾರಿದ್ದು 2024ರ ಏಪ್ರಿಲ್‌ನಲ್ಲಿ. ಹವಳ ಹೋದರೂ ಚೀಟಿ ಉಳಿಯುತ್ತದೆ, ಪ್ಲಾಸ್ಟಿಕ್ ಬಿಳುಚುವುದು ಬಹಳ ನಿಧಾನ.

ಈ ಫೋಟೊ ಹುಚ್ಚಿನಲ್ಲೂ ಒಮ್ಮೆ ಅರ್ಥವಿತ್ತು ಎನ್ನಬೇಕು. 2009ರ ಅಕ್ಟೋಬರ್ 17ರಂದು ಸಮುದ್ರಮಟ್ಟ ಏರಿದರೆ ಮುಳುಗುವ ಭಯದ ಮಾಲ್ಡೀವ್ಸ್‌ನ ಅಂದಿನ ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಮಂತ್ರಿಗಳಿಗೆ ಸ್ಕೂಬಾ ತೊಡಿಸಿ, ಸಮುದ್ರದ ತಳದಲ್ಲಿ ಮೇಜು ಹಾಕಿಸಿ ಸಂಪುಟ ಸಭೆ ನಡೆಸಿದರು. ಇಂಗಾಲದ ಹೊಗೆ ತಗ್ಗಿಸಿರೆಂದು ಜಗತ್ತಿಗೆ ಮನವಿ ಬರೆದು ಅಲ್ಲೇ ಸಹಿ ಹಾಕಿದರು. ಅದಕ್ಕಾಗಿ ಮಂತ್ರಿಗಳು ಮುಂಚಿತವಾಗಿ ತರಬೇತಿ ಪಡೆದಿದ್ದರು. ಮಂತ್ರಿಗಳೇ ಕಲಿತು ಇಳಿದ ನೀರಿಗೆ ನಾವು ಇಪ್ಪತ್ತು ನಿಮಿಷದ ಭಾಷಣ ಕೇಳಿ ಇಳಿಯುತ್ತೇವೆ.

ಕೊನೆಯ ಡೈವ್ ಮುಗಿಸಿ ಮೇಲೆ ಬರುವಾಗ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗ ಬೇಡ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ, ಟ್ಯಾಂಕಿನಲ್ಲಿ 50 ಬಾರ್ ಉಳಿದಿರಲಿ ಎನ್ನುತ್ತದೆ ಪುಸ್ತಕ. ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಕೀಲುಗಳಲ್ಲಿ ನೋವು ತರದೆ ಹೊರಹೋಗಲು, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂದೂ ಹೇಳುತ್ತದೆ. ಪ್ಯಾಕೇಜಿನ ಚೀಟಿ ಹೇಳುವುದು: ಬೆಳಿಗ್ಗೆ ಎರಡು ಡೈವ್, ಮಧ್ಯಾಹ್ನ ಹವಳ ನೆಡುವಿಕೆ, ರಾತ್ರಿ ಎಂಟಕ್ಕೆ ವಿಮಾನ. ದಾರಿಯಲ್ಲಿ ಮೊಣಕೈ, ಭುಜ ಹಿಡಿದುಕೊಂಡರೆ ಸೀಟು ಇಕ್ಕಟ್ಟೆಂದು ವಿಮಾನ ಕಂಪನಿಗೆ ದೂರು ಕೊಡಲು ಅಡ್ಡಿಯಿಲ್ಲ. ಆ ಫಾರಂ ಮಾತ್ರ ಎಲ್ಲರೂ ಪೂರ್ತಿ ಓದಿ, ನಿಜವನ್ನೇ ತುಂಬುತ್ತಾರೆ.