ಸತ್ಯಾಂಶ: ಗೇಮ್ ಮೇಲೆ ಮಾಡಿದ ಪಿಚ್ಚರ್ ಎಲ್ಲಾ ತೋಪಾ?

ನಮ್ ತುಮಕೂರು ಕಾಲೇಜ್ ಹುಡುಗ್ರ ವಾಟ್ಸಾಪ್ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ವಿಡಿಯೋ ಗೇಮ್ ಮೇಲೆ ಮಾಡಿದ ಒಂದು ಸಿನಿಮಾನೂ ಗೆದ್ದಿಲ್ಲ, ಮಾಡೋರು ದುಡ್ಡು ಹಾಕಲ್ಲ, ಸೋಲೋದು ಅದಕ್ಕೇ ಅಂತ. ಎರಡೂ ತಪ್ಪು.

1993ರ ಸೂಪರ್ ಮಾರಿಯೋ ಬ್ರದರ್ಸ್ ಮಕಾಡೆ ಮಲಗಿದ್ದು ನಿಜ, ಆದ್ರೆ ಆ ಕಾಲಕ್ಕೆ ಅದು ಸಣ್ಣ ಬಜೆಟ್ಟೇನಲ್ಲ. ಬಣ್ಣಬಣ್ಣದ ಗೇಮನ್ನ ತಗೊಂಡು ಡೈನೋಸಾರ್ ವಂಶದವರ ಕತ್ತಲೆ ಸಿಟಿ ಮಾಡಿಟ್ರು (ಯಾರ್ ಕೇಳಿದ್ರೋ ಅದನ್ನ!). ಅದೇ ಮಾರಿಯೋ 2023ರಲ್ಲಿ ಗೇಮ್ ಥರಾನೇ ಅನಿಮೇಷನ್ ಆಗಿ ಬಂದು 130 ಕೋಟಿ ಡಾಲರ್‌ಗಿಂತ ಜಾಸ್ತಿ ಬಾಚ್ತು.

ಇಂಥ ಪಿಚ್ಚರ್ ಎಷ್ಟೋ ಸಲ ಬೇಜಾರಾಗೋಕೆ ಅಸಲಿ ಕಾರಣ ಬೇರೆ. ಗೇಮಲ್ಲಿ ಓಡೋದು ನೀವೇ, ಸಾಯೋದು ನೀವೇ, ಮತ್ತೆ ಶುರು ಮಾಡಿ ಗೆಲ್ಲೋದೂ ನೀವೇ, ಹಂಗೆ ಹತ್ತಾರು ಗಂಟೆ ಆಡಿ ಬೆಳೆದಿರೋ ನಂಟನ್ನ 2 ಗಂಟೆಗೆ ಅಮುಕಿ, ಕಂಟ್ರೋಲರ್ ಕಿತ್ಕೊಂಡು ಸುಮ್ನೆ ಕೂತ್ಕೊಂಡು ನೋಡಪ್ಪ ಅಂದ್ರೆ ಏನ್ ಮಜಾ ಇರುತ್ತೆ? ಎಷ್ಟೋ ಗೇಮಲ್ಲಿ ಕಥೆನೇ ತೆಳು, ಆಟಾನೇ ಗಟ್ಟಿ. ಅದೇ ಹೆಸರಿನ ಗೇಮ್ ಮೇಲೆ ಮಾಡಿದ ಟೀವಿ ಸೀರೀಸ್ ದಿ ಲಾಸ್ಟ್ ಆಫ್ ಅಸ್ 2023ರಲ್ಲಿ ಗೆದ್ದಿದ್ದು 9 ಎಪಿಸೋಡ್ ಜಾಗ ಸಿಕ್ಕಿದ್ರಿಂದ, ಜೊತೆಗೆ ಗೇಮ್ ಬರೆದ ನೀಲ್ ಡ್ರಕ್‌ಮನ್ನೇ ಸೀರೀಸ್ ಮಾಡೋರಲ್ಲೂ ಇದ್ರು, ನನಗಂತೂ ಅದೇ ದೊಡ್ಡ ಕಾರಣ ಅನ್ಸುತ್ತೆ.